ಜೀಪಿನ ಫ್ಯಾನ್ ಕಪ್ಲಿಂಗ್: ಪರೀಕ್ಷೆ ಮತ್ತು ಬದಲಾವಣೆ

ಕಾಫಿ ಕುಯಿಲು ಮುಗಿದ ಮೇಲೆ ನಮ್ಮ ಸದಸ್ಯರಲ್ಲಿ ಅನೇಕರು ಬೆಂಗಳೂರಿಗೆ ಹೊರಡುತ್ತಾರೆ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸದಲ್ಲಿರುತ್ತಾರೆ. ಅಕ್ಕಿ, ತೆಂಗಿನಕಾಯಿ, ಕಾಫಿಪುಡಿ ಹೇರಿಕೊಂಡ ವಾಹನ ಹಾಸನದಿಂದ ನೆಲಮಂಗಲದವರೆಗೆ ಸಲೀಸಾಗಿ ಓಡುತ್ತದೆ. ಪೀಣ್ಯದ ವಾಹನಸಾಲಿಗೆ ಸೇರಿದೊಡನೆ ಉಷ್ಣತೆಯ ಮುಳ್ಳು ಮೇಲೇರತೊಡಗುತ್ತದೆ. ಹೆದ್ದಾರಿಯಲ್ಲಿ ಇಲ್ಲದ ತೊಂದರೆ ಇಲ್ಲೇಕೆ ಎಂದು ಕೆಲವರು ಕೇಳಿದ್ದಾರೆ.

ಕಾರಣ ಸರಳ. ಗಂಟೆಗೆ 60-70 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ವಾಹನ ತೆವಳುವಾಗ ಆ ಗಾಳಿ ಇರುವುದಿಲ್ಲ, ಫ್ಯಾನೊಂದೇ ಗತಿ. ಆದ್ದರಿಂದ ಫ್ಯಾನಿನ ದೋಷ ಹೆದ್ದಾರಿಯಲ್ಲಿ ಅಡಗಿದ್ದು ಪೀಣ್ಯದಲ್ಲಿ ಹೊರಬೀಳುತ್ತದೆ. 2021ರ ಡಿಸೆಂಬರಿನಲ್ಲಿ ಅಲ್ಲಿಯ ಮೇಲ್ಸೇತುವೆಯನ್ನು ದುರಸ್ತಿಗಾಗಿ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ತೆರೆಯುವವರೆಗೆ ಎಲ್ಲರೂ ಕೆಳರಸ್ತೆಯಲ್ಲೇ ತೆವಳಬೇಕಾಗಿತ್ತು. ಅಂತಹ ದಿನಗಳೇ ಫ್ಯಾನಿಗೆ ನಿಜವಾದ ಪರೀಕ್ಷೆ. ಮುಳ್ಳು ಕೆಂಪು ಗೆರೆ ಮುಟ್ಟಿದ ಮೇಲೂ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ಡೇ ಡೊಂಕಾಗಬಹುದು. ಆಗಿನ ಖರ್ಚಿನ ಮುಂದೆ ಕಪ್ಲಿಂಗಿನ ಬೆಲೆ ಲೆಕ್ಕಕ್ಕಿಲ್ಲ.

ಬೊಲೆರೊ, ಕ್ವಾಲಿಸ್, ಹಳೆಯ ಇನ್ನೋವಾ ಮುಂತಾದ ವಾಹನಗಳಲ್ಲಿ ವಾಟರ್ ಪಂಪಿಗೂ ಫ್ಯಾನಿಗೂ ನಡುವೆ ತಟ್ಟೆಯಾಕಾರದ ಒಂದು ಭಾಗವಿರುತ್ತದೆ. ಅದೇ ಕಪ್ಲಿಂಗ್. ಅದರೊಳಗೆ ಗಟ್ಟಿಯಾದ ಸಿಲಿಕೋನ್ ಎಣ್ಣೆ, ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಪಟ್ಟಿ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಂತೆ ಪಟ್ಟಿ ತಿರುಚಿಕೊಂಡು ಒಳಗಿನ ಬಾಗಿಲನ್ನು ತೆರೆಯುತ್ತದೆ. ಎಣ್ಣೆ ಕಿರಿದಾದ ಸಂದುಗಳಿಗೆ ಹರಿದು, ತನ್ನ ಅಂಟಿನಿಂದಲೇ ಫ್ಯಾನನ್ನು ಪಂಪಿನೊಡನೆ ತಿರುಗಿಸುತ್ತದೆ. ತಣ್ಣಗಾದಾಗ ಎಣ್ಣೆ ಹಿಂದಕ್ಕೆ ಹೋಗಿ ಫ್ಯಾನ್ ಜಾರುತ್ತದೆ, ಡೀಸೆಲ್ ಉಳಿಯುತ್ತದೆ. ಎಲೆಕ್ಟ್ರಿಕ್ ಫ್ಯಾನಿರುವ ಸಣ್ಣ ಕಾರುಗಳಿಗೂ, ಫ್ಯಾನನ್ನು ನೇರವಾಗಿ ಬಿಗಿದಿರುವ ಹಳೆಯ ಜೀಪುಗಳಿಗೂ ಈ ಲೇಖನ ಅನ್ವಯಿಸುವುದಿಲ್ಲ.

ಕಪ್ಲಿಂಗಿನ ಮೇಲೆ ದೂರು ಹೊರಿಸುವ ಮೊದಲು ರೇಡಿಯೇಟರನ್ನು ನೋಡಬೇಕು. ತೋಟದ ರಸ್ತೆಯಲ್ಲಿ ಓಡುವ ವಾಹನದ ರೇಡಿಯೇಟರಿನಲ್ಲಿ ಕೆಂಪು ಮಣ್ಣು, ಹುಳು, ಅಡಿಕೆ ಸಿಪ್ಪೆಯ ನಾರು ಸೇರಿ ಗಾಳಿಯ ದಾರಿಯೇ ಮುಚ್ಚಿರುತ್ತದೆ. ಎಂಜಿನ್ ತಣ್ಣಗಿರುವಾಗ ಸಾಧಾರಣ ಹೋಸ್ ಪೈಪಿನಿಂದ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಸ್ಪ್ರೇಯರ್ ಬೇಡ, ಅದರ ರಭಸಕ್ಕೆ ತೆಳು ತಗಡುಗಳು ಮಡಚುತ್ತವೆ. ಬೋರ್ಡೋ ದ್ರಾವಣ ಹೊಡೆದ ಸ್ಪ್ರೇಯರಂತೂ ಸರ್ವಥಾ ಬೇಡ. ಮೈಲುತುತ್ತ ಅಲ್ಯುಮಿನಿಯಂ ತಿನ್ನುತ್ತದೆ. ಕೂಲೆಂಟಿನ ಮಟ್ಟ, ಬೆಲ್ಟಿನ ಬಿಗಿ, ರೇಡಿಯೇಟರ್ ಮುಚ್ಚಳ ಇವನ್ನೂ ನೋಡಿಕೊಳ್ಳಿ.

ಇಷ್ಟಾದರೂ ಮುಳ್ಳು ಏರುತ್ತಿದ್ದರೆ ಬಿಸಿ ಎಂಜಿನ್ನನ್ನು ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಸರಿಯಿರುವ ಕಪ್ಲಿಂಗ್ ತಡೆಯೊಡ್ಡುತ್ತದೆ. ಒಮ್ಮೆ ತಳ್ಳಿದರೆ ಎರಡು ಮೂರು ಸುತ್ತು ಸಲೀಸಾಗಿ ತಿರುಗಿದರೆ ಅದರ ಕೆಲಸ ಮುಗಿದಿದೆಯೆಂದೇ ತಿಳಿಯಬೇಕು. ಎಣ್ಣೆ ಒಸರಿ ಧೂಳು ಅಂಟಿದ ಗೆರೆಗಳು, ಫ್ಯಾನಿನ ಅಲುಗಾಟ ಇವೂ ಅದೇ ಮಾತು ಹೇಳುತ್ತವೆ. ಬೆಳಿಗ್ಗೆ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಭೋರೆಂದು ಆಮೇಲೆ ಸುಮ್ಮನಾಗುವುದು ಸಹಜ. ಎಡೆಬಿಡದೆ ಭೋರ್ಗರೆದರೆ ಕಪ್ಲಿಂಗ್ ಕಚ್ಚಿಕೊಂಡಿದೆ. ಓಡುವ ಫ್ಯಾನಿಗೆ ಸುತ್ತಿದ ಪತ್ರಿಕೆ ಒಡ್ಡಿ ನಿಲ್ಲಿಸಿ ನೋಡುವ ಪದ್ಧತಿ ಕೆಲವೆಡೆ ಇದೆ. ಅದು ಬೆರಳು ಕಳೆದುಕೊಳ್ಳುವ ಪದ್ಧತಿ.

ಬದಲಾಯಿಸಲು ಅರ್ಧ ದಿನ ಸಾಕು. ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಲಿ. ಪಂಚೆ, ಹೆಗಲ ಮೇಲಿನ ಟವೆಲು ದೂರವಿರಲಿ. ರೇಡಿಯೇಟರಿನ ಹಿಂಬದಿಗೆ ದಪ್ಪ ರಟ್ಟು ಇಳಿಬಿಡಿ. ಸ್ಪ್ಯಾನರ್ ಜಾರಿದರೆ ಅದು ಕಾಯುತ್ತದೆ. ಫ್ಯಾನಿನ ಸುತ್ತಲಿನ ಕವಚವನ್ನು ಬಿಚ್ಚಿ ಸಡಿಲಿಸಿ.

ಕಪ್ಲಿಂಗನ್ನು ಕೂಡಿಸುವ ರೀತಿ ಎರಡು. ನಾಲ್ಕು ಸಣ್ಣ ನಟ್ಟುಗಳಿಂದ ಪುಲ್ಲಿಗೆ ಬಿಗಿದಿದ್ದರೆ, ಬೆಲ್ಟ್ ಬಿಗಿಯಾಗಿರುವಾಗಲೇ ಅವನ್ನು ಸಡಿಲಿಸಬೇಕು. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಕೈಯೊಡನೆ ತಿರುಗಿ ಸತಾಯಿಸುತ್ತದೆ. ಪಂಪಿನ ದಂಡಕ್ಕೆ ಒಂದೇ ದೊಡ್ಡ ನಟ್ಟಿನಿಂದ ತಿರುಚಿದ್ದರೆ ಮರೆ ಯಾವ ಕಡೆಯದೆಂದು ಮೊದಲು ತಿಳಿಯಬೇಕು. ಓಡುವಾಗ ತಾನಾಗಿ ಬಿಗಿಯುವಂತೆ ಮರೆ ಕೊರೆದಿರುವುದರಿಂದ, ಸಾಮಾನ್ಯವಾಗಿ ಫ್ಯಾನ್ ಯಾವ ದಿಕ್ಕಿಗೆ ತಿರುಗುವುದೋ ಅದೇ ದಿಕ್ಕಿಗೆ ನಟ್ಟು ಬಿಚ್ಚುತ್ತದೆ. ವಾಹನದ ಕೈಪಿಡಿಯಲ್ಲೂ ನೋಡಿಕೊಳ್ಳಿ. ಇದನ್ನು ತಿಳಿಯದೆ ಸುತ್ತಿಗೆ ಎತ್ತಿದವರು ಪಂಪಿಗೂ ಹಣ ತೆತ್ತಿದ್ದಾರೆ.

ಕಪ್ಲಿಂಗ್ ಹೊರಬಂದಾಗ ಪಂಪಿನ ದಂಡವನ್ನು ಹಿಡಿದು ಅಲುಗಿಸಿ. ಅದು ಅಲುಗಿದರೆ ಮೊದಲು ಪಂಪನ್ನೇ ಬದಲಾಯಿಸಬೇಕು. ಫ್ಯಾನಿನ ರೆಕ್ಕೆಗಳ ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೂ ಆ ಫ್ಯಾನನ್ನು ಮತ್ತೆ ಹಾಕಬೇಡಿ. ಬಿಚ್ಚುವ ಮೊದಲೇ ರೆಕ್ಕೆಗಳ ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿರಬೇಕು. ತಿರುಗುಮುರುಗಾಗಿ ಕೂಡಿಸಿದರೆ ಗಾಳಿಯ ಸೆಳೆತ ಕುಂದುತ್ತದೆ.

ಬೆಂಗಳೂರಿನಲ್ಲಿ ಬಿಡಿಭಾಗಗಳ ದೊಡ್ಡ ಪೇಟೆ ಜೆ.ಸಿ. ರಸ್ತೆ. ಹಳೆಯ ಕಪ್ಲಿಂಗನ್ನೇ ಒಯ್ದು ಅಳತೆ, ಮರೆ, ರಂಧ್ರಗಳನ್ನು ಹೋಲಿಸಿ ತನ್ನಿ, ರಸೀದಿಯನ್ನೂ ಕೇಳಿ ಪಡೆಯಿರಿ. ಹೊಸದನ್ನು ವಾಹನದಲ್ಲಿರುವಂತೆ ನೇರವಾಗಿ ನಿಲ್ಲಿಸಿಯೇ ಸಾಗಿಸಬೇಕು. ಅಡ್ಡ ಮಲಗಿಸಿಟ್ಟರೆ ಎಣ್ಣೆ ಸೋರಬಹುದು. ಹಳೆಯದಕ್ಕೆ ಬೋಲ್ಟ್ ಹೊಡೆದು ಕಚ್ಚಿಸಿ ಕೊಡುವವರೂ ಇದ್ದಾರೆ. ಮನೆ ಮುಟ್ಟುವವರೆಗೆ ಅದು ನಡೆದೀತು. ಹಾಗೆಯೇ ಬಿಟ್ಟರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಪಂಪಿನ ಬೇರಿಂಗ್ ಸವೆಯುತ್ತದೆ.

ಜೋಡಿಸಿದ ಮೇಲೆ ಫ್ಯಾನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ರೆಕ್ಕೆ ಕವಚಕ್ಕೆ ತಗಲುವುದಿಲ್ಲವೆಂದು ಖಚಿತಪಡಿಸಿಕೊಂಡೇ ಚಾಲೂ ಮಾಡಿ. ಆಮೇಲೆ ಹೊರೆಯೊಡನೆ ಊರಿನ ಏರಿನಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿ. ಮುಳ್ಳು ಸ್ವಲ್ಪ ಏರಿದಾಗ ಫ್ಯಾನಿನ ಭೋರ್ಗರೆತ ಕೇಳಿಸಿ, ಮುಳ್ಳು ಇಳಿಯಬೇಕು. ಆಗಲೂ ಇಳಿಯದಿದ್ದರೆ ದೋಷ ಥರ್ಮೋಸ್ಟಾಟಿನಲ್ಲೋ ರೇಡಿಯೇಟರಿನ ಒಳಗೊಳವೆಗಳಲ್ಲೋ ಇರಬಹುದು. ಅದನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿ, ಆ ವಾರದ ಬೆಂಗಳೂರು ಪ್ರಯಾಣಕ್ಕೆ ಬಸ್ಸು ಹಿಡಿಯುವುದು ಲೇಸು.