ಹಾರ್ಡ್‌ಡಿಸ್ಕ್ ಇನ್ನೂ ಹೋಗಿಲ್ಲ, ಫಾರ್ಮ್ಯಾಟ್ ಹೊಡೆಯಬೇಡಿ

ಪರದೆ ಮೇಲೆ ‘ಡಿಸ್ಕ್ ಬೂಟ್ ಫೇಲ್ಯೂರ್’ ಎಂಬ ಸಾಲು ಬಂತೆಂದರೆ ನಮ್ಮ ಕಡೆ ತೀರ್ಪು ಒಂದೇ: “ಹಾರ್ಡ್‌ಡಿಸ್ಕ್ ಹೋಗೇತ್ರಿ.” ಮುಂದಿನ ಮಾತೂ ತಯಾರಿರುತ್ತದೆ: “ಫಾರ್ಮ್ಯಾಟ್ ಹೊಡ್ದು ಹೊಸಾ ವಿಂಡೋಸ್ ಹಾಕಿ ಕೊಡ್ತೀನಿ, ಸಂಜಿಗೆ ಬರ್ರಿ.” ಮಾಲಕರು ಹೂಂ ಅನ್ನುತ್ತಾರೆ. ಸಂಜೆಗೆ ಕಂಪ್ಯೂಟರ್ ಶುರುವಾಗುತ್ತದೆ, ಒಳಗಿದ್ದ ಲಗ್ನಪತ್ರಿಕೆ, ಟ್ಯಾಲಿ ಲೆಕ್ಕ, ಮಕ್ಕಳ ಜಾವಳದ ಫೋಟೊ ಒಂದೂ ಇರುವುದಿಲ್ಲ. ಡಿಸ್ಕ್ ನಿಜವಾಗಿಯೂ ಹೋಗಿದ್ದರೆ ಅದನ್ನು ಫಾರ್ಮ್ಯಾಟ್ ಮಾಡಲು ಹೇಗೆ ಬಂತು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನರಗುಂದದ ಪ್ರಿಂಟಿಂಗ್ ಪ್ರೆಸ್, ಅಡತಿ ಅಂಗಡಿ, ಝೆರಾಕ್ಸ್ ಅಂಗಡಿಗಳಲ್ಲಿ, ಎಷ್ಟೋ ಮನೆಗಳ ಅಟ್ಟದ ಮೇಲೆ ವಿಂಡೋಸ್ 98 ಮತ್ತು ಎಕ್ಸ್‌ಪಿ ಕಾಲದ ಯಂತ್ರಗಳು ಇನ್ನೂ ಇವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈ ಎತ್ತಿತು. ಆದರೂ ಹಳೆಯ ಪೇಜ್‌ಮೇಕರ್, ಹಳೆಯ ನುಡಿ, ಲಾಕ್ ಹಚ್ಚಿದರಷ್ಟೇ ಓಡುವ ಶ್ರೀಲಿಪಿ ಇವೆಲ್ಲ ಅದರಲ್ಲೇ ಇರುವುದರಿಂದ ಬಿಡಲು ಆಗುವುದಿಲ್ಲ. ಜುಲೈ 21ರ ಹುತಾತ್ಮ ರೈತರ ದಿನದ ಆಮಂತ್ರಣ, ಮಹದಾಯಿ ಹೋರಾಟದ ಕರಪತ್ರ ಇಂಥ ಯಂತ್ರಗಳಲ್ಲೇ ಟೈಪಾದವು. ಅವನ್ನು ಕಳೆದುಕೊಳ್ಳದಂತೆ ಏನು ಮಾಡಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲು ಫ್ಲಾಪಿ, ಸಿಡಿ, ಪೆನ್‌ಡ್ರೈವ್ ಏನಿದ್ದರೂ ಹೊರಗೆ ತೆಗೆಯಿರಿ. ‘ನಾನ್ ಸಿಸ್ಟಮ್ ಡಿಸ್ಕ್’ ಎಂದು ಬಂದರೆ, ಕೆಲವೊಮ್ಮೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ಬಂದರೂ, ಸಿಕ್ಕಿಹಾಕಿಕೊಂಡ ಪೆನ್‌ಡ್ರೈವೇ ಕಾರಣ ಇರಬಹುದು. ಅದರಿಂದಲೂ ಆಗದಿದ್ದರೆ ಪರದೆ ಮೇಲಿನ ಸಾಲನ್ನು ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. “ಏನೋ ಇಂಗ್ಲಿಷಿನ್ಯಾಗ ಬಂತ್ರಿ” ಅಂದರೆ ರಿಪೇರಿ ಮಾಡುವವನಿಗೆ ಏನೂ ತಿಳಿಯುವುದಿಲ್ಲ.

ಆಮೇಲೆ ಕಿವಿ ಕೊಡಿ. ಸ್ವಿಚ್ ಹಾಕಿದ ಕೂಡಲೇ ಡಿಸ್ಕ್ ತಿರುಗುವ ಸಣ್ಣ ಗುಂಯ್ ಸದ್ದು ಕೇಳಬೇಕು. ಕೇಳಿದರೆ ಮುಂದೆ ಹೋಗಿ. ಸದ್ದೇ ಇಲ್ಲದಿದ್ದರೆ ಡಿಸ್ಕಿನ ಪವರ್ ವೈರನ್ನು ಬಿಚ್ಚಿ, ಎಸ್‌ಎಂಪಿಎಸ್‌ನ ಬೇರೊಂದು ವೈರ್ ಹಚ್ಚಿ ನೋಡಿ. ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಅಲ್ಲಿಗೇ ಸ್ವಿಚ್ ತೆಗೆಯಿರಿ. ಒಳಗಿನ ಹೆಡ್ ಕೆಟ್ಟಿರುತ್ತದೆ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ತಟ್ಟೆಯ ಮೇಲೆ ಗೀರು ಬಿದ್ದು, ಉಳಿಯಬಹುದಾದ ಫೈಲೂ ಉಳಿಯುವುದಿಲ್ಲ. ಅಂಥ ಡಿಸ್ಕ್ ಡೇಟಾ ರಿಕವರಿಯವರ ಕೈಗೇ ಹೋಗಬೇಕು, ಖರ್ಚು ಸಾವಿರಗಳ ಲೆಕ್ಕದಲ್ಲಿ. ಫ್ರಿಜ್ಜಿನಲ್ಲಿ ಇಡುವುದು, ಅಂಗೈಯಿಂದ ಬಡಿಯುವುದು ಇವೆಲ್ಲ ಬೇಡ.

ಇಪ್ಪತ್ತು ರೂಪಾಯಿ ಬಿಲ್ಲೆಯ ಆಟ

ಈಗ ನಾನು ಗಂಟಲು ಹರಿಯುವಂತೆ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳದ ಮಾತು. ಮದರ್‌ಬೋರ್ಡ್ ಮೇಲೆ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ, ಅದರ ಮೇಲೆ ಸಿಆರ್2032 ಎಂದು ಕೊರೆದಿರುತ್ತದೆ. ಗಡಿಯಾರ ರಿಪೇರಿ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ ವಸ್ತು. ಕಂಪ್ಯೂಟರಿನ ದಿನಾಂಕ, ಗಂಟೆ, ಯಾವ ಡಿಸ್ಕಿನಿಂದ ಶುರುವಾಗಬೇಕು, ಡಿಸ್ಕನ್ನು ಯಾವ ಬಗೆಯಲ್ಲಿ ಓದಬೇಕು ಎಂಬ ಬಯಾಸ್ ಸೆಟಿಂಗ್‌ಗಳನ್ನೆಲ್ಲ ಕಾಯುವುದು ಅದೇ. ಪ್ಲಗ್ಗಿಗೆ ಕರೆಂಟ್ ಇರುವ ತನಕ, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್‌ನಿಂದಲೇ ಆ ಗಡಿಯಾರಕ್ಕೆ ಪವರ್ ಸಿಗುತ್ತದೆ, ಸೆಲ್ ಖರ್ಚಾಗುವುದಿಲ್ಲ. ರಾತ್ರಿ ಮೇನ್ ಸ್ವಿಚ್ ತೆಗೆದು ಮನೆಗೆ ಹೋಗುವ ಅಂಗಡಿಗಳಲ್ಲಿ, ತಾಸುಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಈ ಸೆಲ್ಲು ಬೇಗ ಸೋಲುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರದಲ್ಲಂತೂ ಸೆಲ್ ಸತ್ತಿದೆ ಎಂದೇ ತಿಳಿದು ಕೆಲಸ ಶುರುಮಾಡಿ.

ಗುರುತು ಸುಲಭ. ದಿನಾಂಕ ತಾನಾಗಿ 2002ಕ್ಕೋ 2005ಕ್ಕೋ ಜಿಗಿದಿರುತ್ತದೆ. ‘ಸಿಮೋಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’ ಎಂಬ ಸಾಲು ಬಂದು ಎಫ್1 ಒತ್ತು ಎನ್ನುತ್ತದೆ. ನಮ್ಮವರು ದಿನಾ ಬೆಳಿಗ್ಗೆ ಎಫ್1 ಒತ್ತಿ ಕೆಲಸ ಸಾಗಿಸುತ್ತಾರೆ. ಒಂದು ದಿನ ಡಿಫಾಲ್ಟ್ ಸೆಟಿಂಗ್ ನಿಮ್ಮ ಡಿಸ್ಕಿಗೆ ಹೊಂದುವುದಿಲ್ಲ. ಆ ದಿನವೇ ‘ಹಾರ್ಡ್‌ಡಿಸ್ಕ್ ಹೋಯ್ತು’.

ಆದ್ದರಿಂದ ಸೆಲ್ ಬದಲಿಸಿ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಬದಿಯ ಕ್ಲಿಪ್ ಒತ್ತಿದರೆ ಬಿಲ್ಲೆ ಏಳುತ್ತದೆ. ಹೊಸದನ್ನು ಹಾಕುವಾಗ ಕೂಡಿಸುವ ಚಿಹ್ನೆ ಮೇಲಿರಲಿ. ಸೆಲ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಜನ ಎಡವುವುದು ಇಲ್ಲಿಯೇ. ಹೊಸ ಸೆಲ್ಲಿಗೆ ಹಳೆಯ ಸೆಟಿಂಗ್ ಗೊತ್ತಿರುವುದಿಲ್ಲ. ಡಿಲೀಟ್ ಕೀ ಒತ್ತುತ್ತ ಬಯಾಸ್ ಒಳಗೆ ಹೋಗಿ, ಕಂಪನಿ ಕಂಪ್ಯೂಟರ್ ಇದ್ದರೆ ಎಫ್2 ಅಥವಾ ಎಫ್10. ಅಲ್ಲಿ ಮೂರು ಸಂಗತಿ ನೋಡಬೇಕು.

ಡಿಸ್ಕಿನ ಹೆಸರು ಪಟ್ಟಿಯಲ್ಲಿ ಕಾಣುತ್ತಿದೆಯೇ? ಕಂಡರೆ ಅರ್ಧ ಚಿಂತೆ ಕಳೆಯಿತು. ಬೂಟ್ ಕ್ರಮದಲ್ಲಿ ಅದೇ ಡಿಸ್ಕ್ ಮೊದಲಿರಲಿ, ಎರಡು ಡಿಸ್ಕ್ ಇದ್ದರೆ ವಿಂಡೋಸ್ ಇರುವ ಡಿಸ್ಕ್ ಮೇಲಿರಲಿ. ಮೂರನೆಯದು ಸ್ವಲ್ಪ ಸೂಕ್ಷ್ಮ. ಸಾಟಾ ಡಿಸ್ಕ್ ಇರುವ ಯಂತ್ರಗಳಲ್ಲಿ ಐಡಿಇ, ಎಎಚ್‌ಸಿಐ ಎಂಬ ಎರಡು ಮೋಡ್ ಇರುತ್ತವೆ. ವಿಂಡೋಸ್ ಹಾಕಿದ ದಿನ ಯಾವುದಿತ್ತೋ ಈಗಲೂ ಅದೇ ಇರಬೇಕು. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇರಲಿಲ್ಲ, ಹಾಗಾಗಿ ಬಹುತೇಕ ಎಕ್ಸ್‌ಪಿ ಯಂತ್ರಗಳು ಐಡಿಇ ಮೋಡಿನಲ್ಲಿ ನಿಂತವು. ಮೋಡ್ ತಪ್ಪಿದರೆ ವಿಂಡೋಸ್ ಲೋಗೊ ಬಂದು ಕೂಡಲೇ ನೀಲಿ ಪರದೆ, ‘ಸ್ಟಾಪ್’ ಪದದ ಮುಂದೆ ಸೊನ್ನೆಗಳ ಸಾಲು, ಕೊನೆಗೆ 7ಬಿ. ಆ 7ಬಿ ಕಂಡರೆ ಮೋಡ್ ಬದಲಿಸಿ ನೋಡಿ, ಬೇರೇನೂ ಮುಟ್ಟುವ ಮೊದಲು. ಪೆಂಟಿಯಂ ಕಾಲದ ಇನ್ನೂ ಹಳೆಯ ಬಯಾಸ್‌ನಲ್ಲಿ ನಾರ್ಮಲ್, ಲಾರ್ಜ್, ಎಲ್‌ಬಿಎ ಎಂದು ಮೂರು ಬಗೆ ಕೇಳುತ್ತದೆ. ಬಹುಪಾಲು ಡಿಸ್ಕಿಗೆ ಎಲ್‌ಬಿಎ. ತಪ್ಪು ಬಗೆಯಲ್ಲಿ ಡಿಸ್ಕ್ ತೆರೆದು ಅದರ ಮೇಲೆ ಏನಾದರೂ ಬರೆದಿರೋ, ಇದ್ದ ಫೈಲುಗಳೂ ಕೆಡುತ್ತವೆ.

ಯಂತ್ರ ಸರಿ ಇರುವವರು ಇವತ್ತೇ ಬಯಾಸ್‌ನ ಪ್ರತಿ ಪುಟದ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಬಿಡಿ.

ವೈರ್, ಜಂಪರ್, ಧೂಳು

ಡಿಸ್ಕಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ವೈರ್ ನೋಡಿ. ನಮ್ಮ ಎರೆಮಣ್ಣಿನ ಧೂಳು, ಜಿನ್ನಿಂಗ್ ಫ್ಯಾಕ್ಟರಿ ಕಡೆಯಾದರೆ ಹತ್ತಿಯ ಅರಳು ಕ್ಯಾಬಿನೆಟ್ ಒಳಗೆ ಕಂಬಳಿಯಂತೆ ಕೂತಿರುತ್ತದೆ. ಬ್ರಶ್ಶಿನಿಂದ ಝಾಡಿಸಿ, ಒದ್ದೆ ಬಟ್ಟೆ ಬೇಡ. ಅಗಲ ಪಟ್ಟಿಯ ಐಡಿಇ ಕೇಬಲ್ ಆದರೆ ನೀಲಿ ತುದಿ ಮದರ್‌ಬೋರ್ಡಿಗೆ, ಕರಿ ತುದಿ ಮಾಸ್ಟರ್ ಡಿಸ್ಕಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ. ಡಿಸ್ಕಿನ ಹಿಂದಿನ ಪುಟ್ಟ ಜಂಪರ್ ಮಾಸ್ಟರ್ ಸ್ಥಾನದಲ್ಲಿರಲಿ. ಹಳೆಯ ವೆಸ್ಟರ್ನ್ ಡಿಜಿಟಲ್ ಡಿಸ್ಕ್ ಒಂದೇ ಇದ್ದರೆ ಮಾತ್ರ ಜಂಪರ್ ತೆಗೆಯಬೇಕು, ‘ಸಿಂಗಲ್’ ಬೇರೆ, ‘ಮಾಸ್ಟರ್’ ಬೇರೆ ಎಂದು ಅದರ ಲೇಬಲ್ಲಿನಲ್ಲೇ ಬರೆದಿರುತ್ತದೆ. ಮೊದಲ ಕಾಲದ ಸಾಟಾ ಕೇಬಲ್‌ಗಳಿಗೆ ಹಿಡಿದುಕೊಳ್ಳುವ ಕ್ಲಿಪ್ ಇರಲಿಲ್ಲ, ಬೇಸಗೆ ಕಾವಿಗೂ ಫ್ಯಾನಿನ ನಡುಕಕ್ಕೂ ಸಡಿಲಾಗುತ್ತವೆ. ಕೇಬಲ್ ಬದಲಿಸಿ, ದುಬಾರಿ ಏನಲ್ಲ. ಮೀಟರ್ ಇರುವವರು ಪವರ್ ಕನೆಕ್ಟರ್ ಅಳೆಯಲಿ: ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪು ವೈರಿನಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಇಲ್ಲದಿದ್ದರೆ ಎಸ್‌ಎಂಪಿಎಸ್ ಹೋಗಿದೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿದ್ದರೂ ಡಿಸ್ಕಿನ ತಪ್ಪಿಲ್ಲ.

ಇಷ್ಟಾದರೂ ಬೂಟ್ ಆಗದಿದ್ದರೆ ರಿಪೇರಿಗೆ ಕೈ ಹಾಕುವ ಮೊದಲು ಫೈಲ್ ಹೊರಗೆ ತೆಗೆಯಿರಿ. ಡಿಸ್ಕನ್ನು ಯುಎಸ್‌ಬಿ ಕನ್ವರ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಹಚ್ಚಿ. ಐಡಿಇ ಡಿಸ್ಕಿಗೆ ಬೇರೆ ಪವರ್ ಅಡಾಪ್ಟರ್ ಬೇಕು, ಯುಎಸ್‌ಬಿ ಕರೆಂಟ್ ಸಾಲದು. ಆಗ ಹೊಸ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಲೇ?’ ಎಂದೋ ‘ಸ್ಕ್ಯಾನ್ ಆಂಡ್ ಫಿಕ್ಸ್ ಮಾಡಲೇ?’ ಎಂದೋ ವಿನಯದಿಂದ ಕೇಳುತ್ತದೆ. ಎರಡಕ್ಕೂ ಕ್ಯಾನ್ಸಲ್. ಎಕ್ಸ್‌ಪಿಯಲ್ಲಿ ಫೈಲುಗಳು ‘ಡಾಕ್ಯುಮೆಂಟ್ಸ್ ಆಂಡ್ ಸೆಟಿಂಗ್ಸ್’ ಫೋಲ್ಡರಿನಲ್ಲಿ ನಿಮ್ಮ ಹೆಸರಿನಡಿ ಇರುತ್ತವೆ. ಟ್ಯಾಲಿಯ ‘ಡೇಟಾ’ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಿ. ಡಿಸ್ಕ್ ಮಧ್ಯೆ ಮಧ್ಯೆ ತಡವರಿಸಿದರೆ ಕಾಪಿ ನಿಲ್ಲಿಸಿ, ಲಿನಕ್ಸ್ ಬಲ್ಲವರಿಂದ ‘ಡಿಡಿ ರೆಸ್ಕ್ಯೂ’ ಹಾಕಿಸಿ ಇಡೀ ಡಿಸ್ಕಿನ ನಕಲು ಮಾಡಿಸಿ.

ಕಾಪಿಯಾದ ಫೈಲ್ ತೆರೆದಾಗ ಕನ್ನಡದ ಬದಲು ವಿಚಿತ್ರ ಅಕ್ಷರ ಕಂಡರೆ ಡೇಟಾ ಕೆಟ್ಟಿತೆಂದು ಅಳಿಸಬೇಡಿ. ಇಂಗ್ಲಿಷಿನ ದೊಡ್ಡ ಪಿ, ನೆತ್ತಿ ಮೇಲೆ ಗೀಟಿರುವ ಎ, ನಡುವೆ ಪೌಂಡ್ ಚಿಹ್ನೆ: ಹಳೆಯ ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೆಯೇ ಕಾಣುತ್ತದೆ. ಹಳೆಯ ಡಿಸ್ಕಿನ ಫಾಂಟ್ಸ್ ಫೋಲ್ಡರ್ ಕೂಡ ಕಾಪಿ ಮಾಡಿಕೊಂಡು ಹಾಕಿದರೆ ಅಕ್ಷರ ಮರಳಿ ಬರುತ್ತವೆ. ಆಮೇಲೆ ಯೂನಿಕೋಡಿಗೆ ಬದಲಿಸಿಕೊಂಡರಾಯಿತು.

ಇನ್ನುಳಿದದ್ದು ಚುಟುಕಾಗಿ. ಫೈಲ್ ಕೈಗೆ ಬಂದ ಮೇಲಷ್ಟೇ ಎಕ್ಸ್‌ಪಿ ಸಿಡಿ ಹಾಕಿ, ಆರ್ ಒತ್ತಿ, ‘ಫಿಕ್ಸ್‌ಬೂಟ್’, ‘ಫಿಕ್ಸ್‌ಎಂಬಿಆರ್’ ಕೊಡಿ. 98ಕ್ಕೆ ಬೂಟ್ ಫ್ಲಾಪಿಯಿಂದ ‘ಸಿಸ್ ಸಿ:’. ಬದಲಿ ಡಿಸ್ಕ್ ತರುವವರು ಗಮನಿಸಿ: 98 ಮತ್ತು ಮೊದಲ ಎಕ್ಸ್‌ಪಿ 137 ಜಿಬಿಗಿಂತ ದೊಡ್ಡ ಡಿಸ್ಕನ್ನು ಸರಿಯಾಗಿ ಓದುವುದಿಲ್ಲ, ಕೆಲವು ಹಳೆಯ ಬಯಾಸ್ 32 ಜಿಬಿ ದಾಟಿದರೆ ಶುರುವಿನಲ್ಲೇ ನಿಲ್ಲುತ್ತವೆ. ಐಡಿಇ ಡಿಸ್ಕ್ ಸಿಗದಿದ್ದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಅಡಾಪ್ಟರಿನಲ್ಲಿ ಕೂರಿಸಿದರೂ ನಡೆಯುತ್ತದೆ. ಹೊಸದರಲ್ಲಿ ಒಂದು ಲಗ್ನದ ಸೀಸನ್ ಸುಸೂತ್ರ ಕಳೆಯುವ ತನಕ ಹಳೆಯ ಡಿಸ್ಕನ್ನು ಗುಜರಿಗೆ ಹಾಕಬೇಡಿ.