ರಮ್ ಆಸ್ಪತ್ರೆಯಿಂದ ಕಲಿಯತಕ್ಕ ಪಾಠ

ಆಸ್ಪತ್ರೆಯೆಂದರೆ ರೋಗವನ್ನು ಗುಣಪಡಿಸುವ ಸ್ಥಳವೆಂದು ನಾವೆಲ್ಲರೂ ಬಾಲ್ಯದಿಂದ ತಿಳಿದುಕೊಂಡಿರುವೆವು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ವಸಾಹತುಗಳಲ್ಲಿದ್ದ ಬಡಜನರು ಆಸ್ಪತ್ರೆಯ ಹೆಸರು ಕೇಳಿದರೆ ಹೆದರುತ್ತಿದ್ದರು. ಆ ಹೆದರಿಕೆಯು ಬರಿಯ ಅಜ್ಞಾನದಿಂದ ಹುಟ್ಟಿದುದಲ್ಲ. ಆಸ್ಟ್ರೇಲಿಯದ ಸಿಡ್ನಿ ಪಟ್ಟಣದ ಒಂದು ಆಸ್ಪತ್ರೆಯ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರ ಉದ್ಯೋಗವನ್ನು ಕೈಕೊಂಡವರಿರುವುದರಿಂದ ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

1788ರಿಂದ ಬ್ರಿಟಿಷ್ ಸರಕಾರವು ತನ್ನ ಕೈದಿಗಳನ್ನು ಹಡಗುಗಳಲ್ಲಿ ತುಂಬಿ ನ್ಯೂ ಸೌತ್ ವೇಲ್ಸ್ ಎಂಬ ವಸಾಹತಿಗೆ ಸಾಗಿಸುತ್ತಿತ್ತು. 1810ರಲ್ಲಿ ಅಲ್ಲಿಗೆ ಗವರ್ನರಾಗಿ ಬಂದ ಲಾಕ್ಲನ್ ಮಕ್ವಾರಿಯು ಒಳ್ಳೆಯ ಆಸ್ಪತ್ರೆಯೊಂದನ್ನು ಕಟ್ಟಿಸಬೇಕೆಂದು ಬಯಸಿದನು. ಆದರೆ ಅದಕ್ಕೆ ಸರಕಾರದ ಹಣವಿರಲಿಲ್ಲ. ಆದುದರಿಂದ ಅವನು ಮೂವರು ಗುತ್ತಿಗೆದಾರರೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡನು. ಅವರು ಆಸ್ಪತ್ರೆಯನ್ನು ಕಟ್ಟಿಕೊಡತಕ್ಕದ್ದು. ಪ್ರತಿಯಾಗಿ 45,000 ಗ್ಯಾಲನ್ ರಮ್ ಮದ್ಯವನ್ನು ತರಿಸಿ ಮಾರುವ ಹಕ್ಕನ್ನು ಪಡೆಯತಕ್ಕದ್ದು. ಆ ಮೂವರಲ್ಲಿ ಒಬ್ಬನಾದ ಡಾರ್ಸಿ ವೆಂಟ್‌ವರ್ತನು ವಸಾಹತಿನ ಮುಖ್ಯ ವೈದ್ಯನೇ ಆಗಿದ್ದನು! ಕಟ್ಟಡವು 1816ರಲ್ಲಿ ಮುಗಿಯಿತು. ಜನರು ಅದಕ್ಕೆ ‘ರಮ್ ಆಸ್ಪತ್ರೆ’ ಎಂದು ಹೆಸರಿಟ್ಟರು. ಹೊರಗಿನಿಂದ ನೋಡಿದರೆ ಸಾಲುಕಂಬಗಳ ಸುಂದರ ಭವನ. ಆದರೆ ಅದನ್ನು ಪರೀಕ್ಷಿಸಿದ ಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ಎಂಬವನು ಕೆಲಸವು ಬಹಳ ಕಳಪೆಯೆಂದು ವರದಿ ಮಾಡಿದನು.

ಒಳಗಿನ ಸ್ಥಿತಿಯು ಇನ್ನೂ ಶೋಚನೀಯವಾಗಿತ್ತು. ಅಡಿಗೆಮನೆಯೆಂದು ಕಟ್ಟಿದ ಕೋಣೆಯಲ್ಲಿ ಹೆಣಗಳನ್ನಿಡುತ್ತಿದ್ದರು. ರೋಗಿಗಳು ತಮ್ಮ ಪಾಲಿನ ಮಾಂಸವನ್ನೂ ಹಿಟ್ಟನ್ನೂ ತಾವು ಮಲಗುವ ವಾರ್ಡಿನಲ್ಲಿಯೇ ಬೇಯಿಸಿಕೊಳ್ಳಬೇಕಾಗಿತ್ತು. ಆರೈಕೆ ಮಾಡತಕ್ಕವರು ಕೈದಿಗಳೇ. ಅವರಿಗೆ ಯಾವ ಶಿಕ್ಷಣವೂ ಇರಲಿಲ್ಲ. ಸಂಜೆಯಾದೊಡನೆ ಬಾಗಿಲುಗಳಿಗೆ ಬೀಗ ಹಾಕಿ ಬೆಳಗಿನ ವರೆಗೆ ರೋಗಿಗಳನ್ನು ಅವರ ಪಾಡಿಗೆ ಬಿಡುತ್ತಿದ್ದರು. ರಾತ್ರಿಯಲ್ಲಿ ಬಾಯಾರಿದವನಿಗೆ ನೀರು ಕೊಡುವವರಿಲ್ಲ. ಪ್ರಾಣ ಬಿಡುವವನ ಬಳಿಯಲ್ಲಿ ಕುಳಿತುಕೊಳ್ಳುವವರಿಲ್ಲ.

ಅಲ್ಲಿ ಬಹು ಜನರನ್ನು ಪೀಡಿಸಿದ ರೋಗವು ಆಮಶಂಕೆ. ಅದರ ಕಾರಣವು ಆಗ ಯಾರಿಗೂ ತಿಳಿದಿರಲಿಲ್ಲ. ಅದನ್ನು ಹುಟ್ಟಿಸುವ ಕ್ರಿಮಿಗಳಲ್ಲಿ ಒಂದನ್ನು ಜಪಾನಿನ ಕಿಯೋಶಿ ಶಿಗಾ ಎಂಬ ವೈದ್ಯನು ಕಂಡುಹಿಡಿದದ್ದು 1897ರಲ್ಲಿ. ರೋಗಿಯ ಮಲದಿಂದ ಕೈಗೆ, ನೊಣಕ್ಕೆ, ನೀರಿಗೆ, ಅಲ್ಲಿಂದ ಮತ್ತೊಬ್ಬನ ಊಟಕ್ಕೆ ಈ ರೋಗವು ದಾಟುತ್ತದೆಂಬುದನ್ನು ಈಗ ಮಕ್ಕಳೂ ಬಲ್ಲರು. ಹಾಗಿರುವಲ್ಲಿ, ರೋಗಿಗಳು ಒಂದೇ ಕೋಣೆಯಲ್ಲಿ ಮಲಗಿ, ಅಲ್ಲಿಯೇ ಅಡಿಗೆ ಮಾಡಿ, ಅಲ್ಲಿಯೇ ಉಣ್ಣುತ್ತಿದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಕಾಲು ಮುರಿದುಕೊಂಡು ಒಳಗೆ ಬಂದವನೂ ಆಮಶಂಕೆಯಿಂದ ಸಾಯಬಹುದಾಗಿತ್ತು. ಇದರ ಮೇಲೆ, ಮೊದಲೇ ಬಳಲಿದ ದೇಹದಿಂದ ರಕ್ತ ತೆಗೆಯುವುದು ಆ ಕಾಲದ ಚಿಕಿತ್ಸೆ!

1840ರಲ್ಲಿ ಅಲ್ಲಿಗೆ ಕೈದಿಗಳನ್ನು ಸಾಗಿಸುವುದು ನಿಂತಿತು. ಕಾಲಕ್ರಮದಲ್ಲಿ ಆ ಕಟ್ಟಡವು ಪಟ್ಟಣದ ಬಡವರ ಆಸ್ಪತ್ರೆಯಾಯಿತು. ಆದರೆ ಹೊಲಸು ಹೋಗಲಿಲ್ಲ. ಮಂತ್ರಿಯಾಗಿದ್ದ ಹೆನ್ರಿ ಪಾರ್ಕ್ಸ್ ಎಂಬವನು ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರಿಗೆ ಪತ್ರ ಬರೆದು, ಶಿಕ್ಷಣ ಹೊಂದಿದ ದಾದಿಯರನ್ನು ಕಳುಹಿಸಬೇಕೆಂದು ಬೇಡಿಕೊಂಡನು. ಅದರಂತೆ ಲೂಸಿ ಆಸ್ಬರ್ನ್ ಎಂಬಾಕೆಯು ಐವರು ದಾದಿಯರೊಡನೆ 1868ನೆಯ ಮಾರ್ಚ್ ತಿಂಗಳಲ್ಲಿ ಸಿಡ್ನಿಗೆ ಬಂದಿಳಿದಳು. ಈಕೆಯು ವಿದ್ವಾಂಸನೊಬ್ಬನ ಮಗಳು. ಮಗಳು ದಾದಿಯಾಗುವುದು ತಂದೆಗೆ ಸಮ್ಮತವಿರಲಿಲ್ಲ. ಆದರೂ ಆಕೆಯು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷೆಯನ್ನು ಕಲಿತಿದ್ದಳು.

ಆಕೆಯ ಕಣ್ಣಿಗೆ ಬಿದ್ದದ್ದು ಚರಂಡಿಯ ದುರ್ನಾತ, ಕ್ರಿಮಿಕೀಟಗಳು, ತೊಳೆಯದ ಹಾಸಿಗೆಗಳು. ಗುಡಿಸುವುದು, ತೊಳೆಯುವುದು, ರೋಗಿಯ ಮೈಯನ್ನು ಶುಚಿಯಾಗಿಡುವುದು, ರಾತ್ರಿಯಲ್ಲಿ ಎಚ್ಚರವಾಗಿರುವುದು, ಇವೇ ಆಕೆಯು ತಂದ ಔಷಧಗಳು. ಆದರೆ ಆಸ್ಪತ್ರೆಯ ಆಡಳಿತದವರೂ ಕೆಲವು ವೈದ್ಯರೂ ಆಕೆಗೆ ಅಧಿಕಾರ ಕೊಡಲು ಒಪ್ಪಲಿಲ್ಲ. ಸೇವಕರು ಆಕೆಯ ಮಾತಿಗೆ ಒಳಪಡಬೇಕೋ ಬೇಡವೋ ಎಂಬ ವಿವಾದವು ವರುಷಗಟ್ಟಲೆ ನಡೆಯಿತು. ಹುಳು ತುಂಬಿದ ಹಳೆಯ ಪುಸ್ತಕಗಳನ್ನು ಆಕೆಯು 1870ರಲ್ಲಿ ಸುಡಿಸಿದಾಗ, ಸತ್ಯವೇದವನ್ನು ಸುಟ್ಟಳೆಂಬ ಅಪವಾದವನ್ನು ಹೊರಿಸಿದರು. ವಿಚಾರಣೆಯಲ್ಲಿ ಆಕೆಯು ನಿರಪರಾಧಿಯೆಂದು ತೀರ್ಮಾನವಾಯಿತು. ಕೊನೆಗೆ 1873ರಲ್ಲಿ ಸರಕಾರದ ವಿಚಾರಣಾ ಮಂಡಲಿಯು ಆಸ್ಪತ್ರೆಯ ಆಡಳಿತವನ್ನು ಕಠಿಣವಾಗಿ ಖಂಡಿಸಿ, ಆಗಿದ್ದ ಸುಧಾರಣೆಗೆ ಈ ದಾದಿಯೇ ಕಾರಣಳೆಂದು ಒಪ್ಪಿಕೊಂಡಿತು. ಆಕೆಯು 1884ರ ವರೆಗೆ ಅಲ್ಲಿ ಸೇವೆ ಮಾಡಿ ಸ್ವದೇಶಕ್ಕೆ ಮರಳಿದಳು. ಆಕೆಯ ಸಂಗಡ ಬಂದವರಲ್ಲೊಬ್ಬಳಾದ ಹಾಲ್ಡೇನ್ ಟರಿಫ್ ಎಂಬಾಕೆಯು ಮೆಲ್ಬರ್ನಿನ ಆಲ್ಫ್ರೆಡ್ ಆಸ್ಪತ್ರೆಯ ಮೊದಲನೆಯ ಮೇಟ್ರನ್ ಆದಳು.

ಇದರಿಂದ ನಾವು ಕಲಿಯತಕ್ಕದ್ದೇನು? ರಮ್ ಆಸ್ಪತ್ರೆಯಲ್ಲಿ ವೈದ್ಯರಿದ್ದರು, ಗೋಡೆಗಳಿದ್ದವು, ಊಟದ ಪಡಿಯೂ ಇತ್ತು. ಇರದಿದ್ದದ್ದು ಒಂದೇ: ರೋಗಿಯ ಹಗಲಿಗೂ ಇರುಳಿಗೂ ತಾನು ಹೊಣೆಯೆಂದು ತಿಳಿದು, ಆ ಹೊಣೆಗೆ ತಕ್ಕ ವಿದ್ಯೆಯನ್ನೂ ಅಧಿಕಾರವನ್ನೂ ಪಡೆದ ಒಬ್ಬಾಕೆ. ದಯೆ ಮಾತ್ರ ಇದ್ದರೆ ಸಾಲದು. ಶಿಕ್ಷಣವಿಲ್ಲದ ದಯೆಯು ತೊಳೆಯದ ಕೈಯಿಂದಲೇ ನೀರು ಕುಡಿಸೀತು. ಶಿಕ್ಷಣ ಮಾತ್ರ ಇದ್ದರೂ ಸಾಲದು. ಮಾತು ನಡೆಯದ ಕಡೆಯಲ್ಲಿ ತಿಳಿದವಳು ಸುಮ್ಮನೆ ನೋಡುತ್ತ ನಿಲ್ಲಬೇಕಾಗುವುದು.

ಮಗಳು ದಾದಿಯಾಗುವೆನೆಂದಾಗ ಹಿಂಜರಿಯುವ ಮನೆಗಳು ಈಗಲೂ ಉಂಟು. ರಾತ್ರಿಯ ಕೆಲಸ, ಹೊಲಸಿನ ಕೆಲಸ ಎಂದು ತಂದೆತಾಯಿಗಳು ಹೇಳುವುದು ಸುಳ್ಳಲ್ಲ. ಕೆಲಸವು ನಿಜವಾಗಿಯೂ ಅಂಥದೇ. ಆ ಹೊಲಸನ್ನು ಯಾರೂ ಮುಟ್ಟದೆ ಬಿಟ್ಟ ಮನೆಯಲ್ಲಿ ಏನಾಯಿತೆಂಬುದನ್ನು ಮೇಲೆ ಓದಿದಿರಿ. ಇಂಥ ಹೆಣ್ಣುಮಕ್ಕಳನ್ನು ತಡೆಯುವ ಮೊದಲು ಪ್ರಿಯ ಪೋಷಕರು ಇದನ್ನು ಒಮ್ಮೆ ಆಲೋಚಿಸಬೇಕೆಂದು ನಾವು ವಿನಯದಿಂದ ಬಿನ್ನವಿಸುತ್ತೇವೆ.