ನಕ್ಷೆಯಲ್ಲಿ ಉಳಿದ ಹಸಿರು

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ನಗರ ಯೋಜಕರು ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಮುಂದೆ ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಲಾಯಿತು. ನಿವಾಸಿಗಳು ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ, ಆ ಜಾಗ ಪಡೆದಿದ್ದ ಬೆಂಗಳೂರು ಮೆಡಿಕಲ್ ಟ್ರಸ್ಟ್‌ನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಉದ್ಯಾನದ ರಕ್ಷಣೆ ಕೇಳಲು ಬಡಾವಣೆಯ ಸಾಮಾನ್ಯ ನಿವಾಸಿಗೂ ಹಕ್ಕಿದೆ ಎಂದು ಒಪ್ಪಿದ್ದೇ ಈ ತೀರ್ಪಿನ ದೊಡ್ಡ ಕೊಡುಗೆ.

ಇಂತಹ ಜಾಗಗಳನ್ನು ಗುರುತಿಸಿ ಯೋಜಕರು ಬರೆಯುವ ಮಹಾಯೋಜನೆಗೆ (ಮಾಸ್ಟರ್ ಪ್ಲಾನ್) ಕಾನೂನಿನ ಬಲ ಕೊಡುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ, ಉದ್ಯಾನ ಎಂದು ಭೂಬಳಕೆಯನ್ನು ವಿಂಗಡಿಸುವುದು ಅದರಡಿಯಲ್ಲೇ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ 1985ರ ಪ್ರತ್ಯೇಕ ಕಾಯ್ದೆಯಿದೆ.

ಈ ಯೋಜನೆಗಳನ್ನು ಬರೆಯುವ ನಗರ ಯೋಜಕರ ರಾಷ್ಟ್ರೀಯ ವೃತ್ತಿಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ (ಐಟಿಪಿಐ). ಸ್ಥಾಪನೆ 1951, ಕೇಂದ್ರ ಕಚೇರಿ ದೆಹಲಿಯಲ್ಲಿ.